ಅಗಲವಿಲ್ಲದ ಅಕ್ಷರ

ಉಪ್ಪಳ ಗೇಟಿನ ಬಳಿ ಕೊಡೆ ರಿಪೇರಿ ಮಾಡುವವರು
ಕೌಂಟರಿನ ಮೇಲೆ ಕಾಗದ ಇಟ್ಟು ಹೇಳಿದರು:
"ನೋಡು ಮೋಳೇ, ಇದು ನಾನಲ್ಲ."

ಅಚ್ಚಾಗಿತ್ತು: ಮಮ್ಮದ್ಕುಂಞಿ.
ದಕಾರದ ಬುಡದಲ್ಲಿ ಮುದುಡಿದ ಒಂದು ಕಕಾರ,
ಬಸ್ಸಿನ ಸೀಟಿನಡಿ ತುರುಕಿದ ಚೀಲದ ಹಾಗೆ.
"ಅರ್ಧ ಹೆಸರು ಇನ್ನರ್ಧದ ಕಾಲಡಿಗೆ ಬಿದ್ದಿದೆ.
ಐತಪ್ಪ ಮಾಸ್ಟ್ರು ಕಲಿಸಿದ್ದು ಹೀಗಲ್ಲ.
ದ್ ನಿಲ್ಲಬೇಕು. ಆಮೇಲೆ ಕುಂಞಿ ಬರಬೇಕು."

ಮಲಯಾಳದ ಕಾಲಮ್ಮಿನಲ್ಲಿ ನೆಟ್ಟಗೆ ನಿಂತಿತ್ತು,
ಇಂಗ್ಲಿಷಿನಲ್ಲೂ. ಕನ್ನಡದಲ್ಲಿ ಮಾತ್ರ ಹೀಗೆ.
ನಾನು ಟೈಪು ಮಾಡಿದ್ದು ಸರಿಯಿತ್ತು;
ಪರದೆಯ ಮೇಲೂ ಸರಿ;
'ಸಲ್ಲಿಸು' ಒತ್ತಿದ ಮೇಲೆ ತಪ್ಪು.

ಹೆಲ್ಪ್‌ಲೈನಿನ ಹುಡುಗ ಆಕಳಿಸಿದ:
"ಸ್ಪೆಸಿಫಿಕೇಶನ್ ನೋಡಿ ಮೇಡಂ."
ಎಲ್ಲಿದೆ?
"ಇರುತ್ತದೆ."

ಹುಡುಕಿದೆ.
ಆವೃತ್ತಿ ಒಂದು ಬಿಂದು ಮೂರು: ಕೊಂಡಿ ಸತ್ತಿದೆ.
ಎರಡು ಬಿಂದು ಸೊನ್ನೆ: ಕರಡು, ಯಾರೂ ನಂಬಕೂಡದು.
ಎರಡು ಬಿಂದು ಒಂದು, ತೆರೆದರೆ ಒಂದೇ ಸಾಲು:
'ಒಂದು ಬಿಂದು ಮೂರನ್ನು ನೋಡಿ.'
ಕೊನೆಗೆ ಸಿಕ್ಕಿದ್ದು ಹಳೇ ಟೆಂಡರಿನ ಬಾಲದಲ್ಲಿ,
ಓರೆಯಾಗಿ ಸ್ಕ್ಯಾನ್ ಆದ ನಾನೂರ ಹನ್ನೆರಡು ಪುಟ;
ಯಾರದೋ ಹೆಬ್ಬೆರಳು ಪುಟ ಎಂಬತ್ತರ ಅಂಚಿನಲ್ಲಿ.

ಶಟರು ಅರ್ಧ ಎಳೆದು ಮೂರು ಸಂಜೆ ಓದಿದೆ.
ರೈಲು ಹೋದಾಗ ಮೇಜು ನಡುಗುತ್ತದೆ,
ಸಾಲು ತಪ್ಪುತ್ತದೆ, ಮತ್ತೆ ಮೊದಲಿಂದ.
ಈ ಭಾಷೆಗೆ ಮೂರೇ ಕ್ರಿಯಾಪದ.
ತಕ್ಕದ್ದು: ಮೀಸೆಯಿರುವ ಮಾತು.
ಬೇಕು: ಮದುವೆಗೆ ಕರೆಯುವವರ ಮಾತು, ಹೋಗದಿದ್ದರೂ ನಡೆಯುತ್ತದೆ.
ಬಹುದು: ಕಂಡಕ್ಟರು ಚಿಲ್ಲರೆ ಆಮೇಲೆ ಕೊಡುತ್ತೇನೆ ಎಂದ ಹಾಗೆ.
ಒಂದು ಪುಟಕ್ಕೆ ಒಂದು ಗ್ಲಾಸು ಚಹಾ ಬೇಕಾಗುತ್ತಿತ್ತು.
ಆದರೂ, ಹೇಳಿದರೆ ನಗಬೇಡಿ,
ಸುಳ್ಳು ಹೇಳಲು ಬಾರದ ಗದ್ಯ ಅದು, ನನಗೆ ಹಿಡಿಸಿತು.

ಅಕ್ಷರಗಳ ಬಗೆಗಿನ ಇನ್ನೊಂದು ಕಡತದಲ್ಲಿ ಅದು ಇತ್ತು.
ಎರಡು ಸೊನ್ನೆ ಸೊನ್ನೆ ಸಿ, ಮನೆ ನಂಬರಿನಂತೆ ವಿಳಾಸ.
ಅಗಲ: ಇಲ್ಲ. ರೂಪ: ಇಲ್ಲ. ಉಚ್ಚಾರ: ಇಲ್ಲ.
ಕೆಲಸ: ಎರಡು ಅಕ್ಷರಗಳ ನಡುವೆ ನಿಂತು
'ಅಂಟಬೇಡಿ, ಪಕ್ಕದಲ್ಲೇ ಇರಿ' ಎನ್ನುವುದು.
ಇದನ್ನು ಗಡಿ ಎನ್ನಲು ನಾಲಿಗೆ ತುರಿಸಿತು. ಸುಮ್ಮನಾದೆ.
ಗಡಿ ಕಣ್ಣಿಗೆ ಕಾಣುತ್ತದೆ, ತಲಪಾಡಿಯಲ್ಲಿ ಟೋಲು ಕೊಡಬೇಕು.

ಮತ್ತೆ ಟೆಂಡರಿನ ಪುಟ ಇನ್ನೂರ ಹದಿನೇಳು:
'ಹೆಸರಿನ ಅಂಕಣದಲ್ಲಿ ಕಣ್ಣಿಗೆ ಕಾಣದ ಅಕ್ಷರಗಳಿದ್ದರೆ
ಭದ್ರತೆಯ ಕಾರಣ ತೆಗೆದುಹಾಕತಕ್ಕದ್ದು.'
ತಕ್ಕದ್ದು.
ದೂರದಲ್ಲೆಲ್ಲೋ ಜಾಗರೂಕನಾದ ಒಬ್ಬ
ಯಾವುದೋ ಕಳ್ಳನನ್ನು ನೆನೆದು ಬರೆದ ಸಾಲು;
ಕುಂಞಿಗಳು ಅವನ ಲೆಕ್ಕದಲ್ಲಿ ಇರಲಿಲ್ಲ.

ಅವರಿಗೆ ಹೇಳಿದೆ. ನಡುವೆ ಖಾಲಿ ಜಾಗ ಬಿಟ್ಟರೆ?
ಬ್ಯಾಂಕಿನಲ್ಲಿ ಒಬ್ಬ, ಇಲ್ಲಿ ಇಬ್ಬರು ಆಗುತ್ತೀರಿ.
ಅವರು ಯೋಚಿಸುತ್ತಾ ಮಡಿಲಿನ ಕೊಡೆ ಬಿಡಿಸಿದರು,
ಕಡ್ಡಿ ಮಡಚುವ ಕೀಲಿಗೆ ಸುತ್ತಿದ ಒಂದು ಬಟ್ಟೆಚೂರು ತೋರಿಸಿದರು,
ಉಗುರಿನಷ್ಟು.
"ಇದಿಲ್ಲದಿದ್ದರೆ ಕಬ್ಬಿಣ ಬಟ್ಟೆ ಕಚ್ಚುತ್ತದೆ.
ಹೊಸ ಕಂಪೆನಿಯವರು ಹಾಕುವುದೇ ಇಲ್ಲ.
ಹಾಕಿದರೆ ನನಗೆ ಕೆಲಸ ಎಲ್ಲಿ?"

ದೂರಿನ ಫಾರಂ ತುಂಬಿದೆ. ಪುಟ, ಪರಿಚ್ಛೇದ,
ಎರಡು ಸೊನ್ನೆ ಸೊನ್ನೆ ಸಿ, ಎಲ್ಲ ಬರೆದೆ.
ಹೆಸರನ್ನು ಹೇಗಿರಬೇಕೋ ಹಾಗೆ ಬರೆದೆ: ಮಮ್ಮದ್‌ಕುಂಞಿ.
ಒಂದು ನಿಮಿಷದಲ್ಲಿ ಅವರ ಮೊಬೈಲು ಗುಂಯ್ ಎಂದಿತು:
'ಪ್ರಿಯ ಮಮ್ಮದ್ಕುಂಞಿ, ನಿಮ್ಮ ದೂರು ಸ್ವೀಕರಿಸಲಾಗಿದೆ.'

ನಕ್ಕರು, ಕೆಮ್ಮು ಬರುವಷ್ಟು.
ರಿಜಿಸ್ಟರಿನಲ್ಲಿ ಸಹಿ ಹಾಕಿದರು:
ಮಮ್ಮದ್, ಪೆನ್ನು ಎತ್ತಿ ರೀಫಿಲ್ಲಿನ ಮೊನೆ ಒರೆಸಿ,
ಕುಂಞಿ.